ಆಸ್ಪತ್ರೆ ಫಾರಂನ ಎರಡು ಪ್ರಶ್ನೆ: ಅಮೆರಿಕದ ಗಂಡಸರ ಆಯಸ್ಸಿಗೂ ಓದಿಗೂ ಬಣ್ಣಕ್ಕೂ ಏನು ಸಂಬಂಧ?

ಹೋದ ತಿಂಗಳು ಅಕ್ಕನ ಮಗ ಅಟ್ಲಾಂಟಾದಿಂದ ಫೋನ್ ಮಾಡಿದ್ದ. ಹೊಸ ಊರು, ಹೊಸ ಕೆಲಸ. ಕೆಮ್ಮು ಬಿಡುತ್ತಿಲ್ಲ ಎಂದು ಮೊದಲ ಸಲ ಅಲ್ಲಿನ ಡಾಕ್ಟರ ಹತ್ತಿರ ಹೋಗಿದ್ದನಂತೆ. ಒಳಗೆ ಕರೆಯುವ ಮೊದಲೇ ಕೈಗೆ ನಾಲ್ಕು ಪುಟದ ಫಾರಂ, ಒಂದು ಪೆನ್ನು ಕೊಟ್ಟರು. ಹೆಸರು, ವಿಳಾಸ, ಇನ್ಶೂರೆನ್ಸ್ ನಂಬರ್, ಅಲರ್ಜಿ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ, ಇಷ್ಟೆಲ್ಲ ಸರಿ. ಆಮೇಲೆ ಎರಡು ಪ್ರಶ್ನೆ. ನಿಮ್ಮ ಜನಾಂಗ ಯಾವುದು? ಎಲ್ಲಿಯವರೆಗೆ ಓದಿದ್ದೀರಿ?

"ಚಿಕ್ಕಮ್ಮ, ಕೆಮ್ಮಿಗೂ ಡಿಗ್ರಿಗೂ ಏನು ಸಂಬಂಧ ಹೇಳಿ" ಅಂದ.

ಕೆಮ್ಮಿಗೆ ಇರಲಿಕ್ಕಿಲ್ಲ. ಆಯಸ್ಸಿಗೆ ಇದೆ. ಅದೂ ಸಣ್ಣಪುಟ್ಟ ಸಂಬಂಧ ಅಲ್ಲ. 2008ರ ಅಮೆರಿಕದ ಅಂಕಿಅಂಶ ಇಟ್ಟುಕೊಂಡು ಸಂಶೋಧಕರು ಒಂದು ಹೋಲಿಕೆ ಮಾಡಿದರು. 16 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಓದಿದ, ಅಂದರೆ ಡಿಗ್ರಿ ಮುಗಿಸಿದ ಬಿಳಿ ಗಂಡಸರು ಒಂದು ಕಡೆ. ಹೈಸ್ಕೂಲನ್ನೂ (ಅಲ್ಲಿ ಅದು 12ನೇ ಕ್ಲಾಸಿನವರೆಗೆ) ಮುಗಿಸದ ಕಪ್ಪು ಗಂಡಸರು ಇನ್ನೊಂದು ಕಡೆ. ಇಬ್ಬರ ಆಯಸ್ಸಿನ ನಡುವಿನ ಅಂತರ 14.2 ವರ್ಷ. ಒಂದೇ ದೇಶ, ಒಂದೇ ಕಾಲ. ಒಬ್ಬ ಮೊಮ್ಮಗನನ್ನು ಕಾಲೇಜಿಗೆ ಸೇರಿಸುವಷ್ಟು ಕಾಲ ಇರುತ್ತಾನೆ. ಇನ್ನೊಬ್ಬ ಆ ವಯಸ್ಸಿನ ಮೊಮ್ಮಗ ನಾಲ್ಕು ವರ್ಷದವನಿದ್ದಾಗಲೇ ಹೋಗಿರುತ್ತಾನೆ. ಹೆಂಗಸರಲ್ಲಿ ಇದೇ ಹೋಲಿಕೆ ಮಾಡಿದಾಗ ಸಿಕ್ಕ ಅಂತರ 10.3 ವರ್ಷ. ಅದೂ ಕಡಿಮೆಯೇನಲ್ಲ. ಆದರೆ ಗಂಡಸರಲ್ಲಿ ಪೆಟ್ಟು ಇನ್ನೂ ಜೋರು.

ಅವನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಪೂರ್ತಿ ಉತ್ತರ ಇಲ್ಲಿದೆ. ಈಗ ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ಅಲ್ಲಿದ್ದಾರೆ, ಹಾಗಾಗಿ ಇದು ದೂರದ ದೇಶದ ಮಾತು ಮಾತ್ರ ಆಗಿ ಉಳಿದಿಲ್ಲ.

ಆಯಸ್ಸಿನ ಲೆಕ್ಕ ಹಾಕುವುದು ಹೇಗೆ

'ನಿರೀಕ್ಷಿತ ಆಯಸ್ಸು 76 ವರ್ಷ' ಎಂದು ಪೇಪರಿನಲ್ಲಿ ಓದುತ್ತೇವೆ. ಹಾಗೆಂದರೆ ಎಲ್ಲರೂ 76ಕ್ಕೆ ಹೋಗುತ್ತಾರೆ ಎಂದು ಅಲ್ಲ.

ಮೈಸೂರಿನಿಂದ ಬೆಂಗಳೂರಿಗೆ ಹಳೇ ರಸ್ತೆಯಲ್ಲಿ ಒಂದು ಬಸ್ಸು ಹೊರಟಿದೆ ಎಂದುಕೊಳ್ಳಿ. 100 ಜನ ಹತ್ತಿದ್ದಾರೆ. ಇಬ್ಬರು ಶ್ರೀರಂಗಪಟ್ಟಣದಲ್ಲೇ ಇಳಿದುಬಿಟ್ಟರು. ಮಂಡ್ಯದಲ್ಲಿ ಐದಾರು ಜನ ಇಳಿದರು. ಮದ್ದೂರು, ಚನ್ನಪಟ್ಟಣ, ರಾಮನಗರದಲ್ಲಿ ಇನ್ನಷ್ಟು. ಕೊನೆಗೆ ಮೆಜೆಸ್ಟಿಕ್ ತಲುಪಿದವರು ಕೆಲವರು. ಒಬ್ಬೊಬ್ಬರು ಎಷ್ಟು ಕಿಲೋಮೀಟರ್ ಬಂದರು ಎಂದು ಕೂಡಿಸಿ 100ರಿಂದ ಭಾಗಿಸಿದರೆ ಸರಾಸರಿ ಪ್ರಯಾಣ ಸಿಗುತ್ತದೆ. ಕಿಲೋಮೀಟರ್ ಬದಲು ವರ್ಷ ಎಂದು ಹಾಕಿಕೊಳ್ಳಿ. ಅದೇ ನಿರೀಕ್ಷಿತ ಆಯಸ್ಸು.

ಇದರಲ್ಲಿ ಎರಡು ವಿಷಯ ಗಮನಿಸಬೇಕು. ಬೇಗ ಇಳಿದವರು ಸರಾಸರಿಯನ್ನು ಜಾಸ್ತಿ ಎಳೆಯುತ್ತಾರೆ. 80ರ ಅಜ್ಜ ಹೃದಯಾಘಾತದಲ್ಲಿ ಹೋದರೆ ಲೆಕ್ಕ ಅಷ್ಟಾಗಿ ಅಲುಗಾಡುವುದಿಲ್ಲ. 22ರ ಹುಡುಗ ಗುಂಡೇಟಿಗೆ ಸತ್ತರೆ ಅಲುಗಾಡುತ್ತದೆ. ಎರಡನೆಯದು, ಈ ಲೆಕ್ಕ ಭವಿಷ್ಯ ಹೇಳುವುದಿಲ್ಲ, ಈ ವರ್ಷ ರಸ್ತೆ ಹೇಗಿದೆ ಎಂದು ಹೇಳುತ್ತದೆ. ಈ ವರ್ಷ ಯಾವ ವಯಸ್ಸಿನಲ್ಲಿ ಎಷ್ಟು ಜನ ಸಾಯುತ್ತಿದ್ದಾರೋ ಅದೇ ರೀತಿ ಮುಂದುವರಿದರೆ, ಇವತ್ತು ಹುಟ್ಟಿದ ಮಗು ಸರಾಸರಿ ಎಷ್ಟು ವರ್ಷ ಬದುಕುತ್ತದೆ ಎನ್ನುವ ಅಂದಾಜು ಅದು. ಅದಕ್ಕೇ ಕೊರೊನಾ ಬಂದಾಗ ಅಂಕಿ ಧಡಕ್ಕನೆ ಬಿತ್ತು. ಅಮೆರಿಕದ ಗಂಡಸರ ನಿರೀಕ್ಷಿತ ಆಯಸ್ಸು 2019ರಲ್ಲಿ 76.3 ಇತ್ತು, 2021ರಲ್ಲಿ 73.5ಕ್ಕೆ ಇಳಿಯಿತು.

ಓದಿನ ಲೆಕ್ಕಕ್ಕೆ ಬಂದಾಗ ಹುಟ್ಟಿನಿಂದ ಶುರು ಮಾಡಲು ಆಗುವುದಿಲ್ಲ. ಮಗುವಿಗೆ ಡಿಗ್ರಿ ಎಲ್ಲಿಂದ ಬರಬೇಕು? ಹಾಗಾಗಿ 25ನೇ ವಯಸ್ಸಿನಿಂದ ಎಣಿಸುತ್ತಾರೆ. ಅಷ್ಟೊತ್ತಿಗೆ ಓದಬೇಕಾದವರು ಬಹುಪಾಲು ಓದಿ ಮುಗಿಸಿರುತ್ತಾರೆ.

ಇನ್ನು ಜನಾಂಗ. ಇದು ರಕ್ತ ಪರೀಕ್ಷೆ ಮಾಡಿ ತಿಳಿಯುವ ವಸ್ತು ಅಲ್ಲ. ಕಪ್ಪು, ಬಿಳಿ, ಏಷ್ಯನ್, ಮೂಲನಿವಾಸಿ ಎಂದು ಫಾರಂನಲ್ಲಿ ಜನ ತಾವೇ ಗುರುತು ಹಾಕುವ ಚೌಕ. ಆ ಚೌಕದ ಹಿಂದೆ ಇರುವುದು ಆ ಸಮಾಜದ ಇತಿಹಾಸ: ಯಾರ ಅಜ್ಜ ಗುಲಾಮನಾಗಿದ್ದ, ಯಾರಿಗೆ ಯಾವ ಬೀದಿಯಲ್ಲಿ ಮನೆ ಕೊಡುತ್ತಿರಲಿಲ್ಲ, ಯಾರ ಶಾಲೆಗೆ ಎಷ್ಟು ದುಡ್ಡು ಬರುತ್ತಿತ್ತು. ಆಯಸ್ಸಿನ ಅಂತರದ ಬಗ್ಗೆ ಓದುವಾಗ ಇದನ್ನು ಮರೆತರೆ, 'ಅವರ ದೇಹವೇ ಹಾಗೆ' ಎಂಬ ತಪ್ಪು ತೀರ್ಮಾನಕ್ಕೆ ಬಂದುಬಿಡುತ್ತೇವೆ.

ಬಣ್ಣದ ಅಂತರ

1900ರಲ್ಲಿ ಅಮೆರಿಕದ ಬಿಳಿ ಗಂಡಸಿನ ನಿರೀಕ್ಷಿತ ಆಯಸ್ಸು 46.6 ವರ್ಷ. ಕಪ್ಪು ಗಂಡಸಿನದು 32.5. ಹದಿನಾಲ್ಕು ವರ್ಷದ ವ್ಯತ್ಯಾಸ. 2019ರ ಹೊತ್ತಿಗೆ ಅದು 76.3 ಮತ್ತು 71.3 ಆಗಿತ್ತು. ಐದು ವರ್ಷ ಉಳಿದಿತ್ತು. ಶುದ್ಧ ನೀರು, ಲಸಿಕೆ, ಆಂಟಿಬಯೋಟಿಕ್ ಎಲ್ಲರಿಗೂ ಸಿಕ್ಕಿದ್ದು ಒಂದು ಕಾರಣ. ಇನ್ನೊಂದು ಕಾರಣ ಕಾನೂನು. 1966ರಲ್ಲಿ ವಯಸ್ಸಾದವರ ಸರ್ಕಾರಿ ವಿಮೆ ಮೆಡಿಕೇರ್ ಶುರುವಾಯಿತು. ಆ ದುಡ್ಡು ಬೇಕಿದ್ದರೆ ಆಸ್ಪತ್ರೆಗಳು ಕಪ್ಪು ಜನಕ್ಕೆ ಬೇರೆ ವಾರ್ಡು, ಬೇರೆ ಬಾಗಿಲು ಇಡುವಂತಿಲ್ಲ ಎಂದು ಸರ್ಕಾರ ಹೇಳಿತು. ದಶಕಗಳಿಂದ ಮುಚ್ಚಿದ್ದ ಬಾಗಿಲುಗಳು ಕೆಲವೇ ತಿಂಗಳಲ್ಲಿ ತೆರೆದವು.

ಆದರೆ ಸರಾಸರಿ ಬಹಳಷ್ಟನ್ನು ಮುಚ್ಚಿಡುತ್ತದೆ. 1990ರಲ್ಲಿ ಹಾರ್ಲೆಮ್ ಆಸ್ಪತ್ರೆಯ ಇಬ್ಬರು ವೈದ್ಯರು, ಕಾಲಿನ್ ಮೆಕಾರ್ಡ್ ಮತ್ತು ಹೆರಾಲ್ಡ್ ಫ್ರೀಮನ್, ತಮ್ಮ ಸುತ್ತಲಿನ ಸಾವುಗಳನ್ನು ಎಣಿಸಿ ಒಂದು ಲೇಖನ ಬರೆದರು. ಹಾರ್ಲೆಮ್ ಇರುವುದು ನ್ಯೂಯಾರ್ಕ್ ನಗರದ ಒಳಗೆ. ಜಗತ್ತಿನ ದೊಡ್ಡ ಬ್ಯಾಂಕುಗಳಿಂದ ಮೆಟ್ರೋದಲ್ಲಿ ಸ್ವಲ್ಪ ಹೊತ್ತಿನ ದಾರಿ. ಅಲ್ಲಿನ ಕಪ್ಪು ಗಂಡಸು 65 ಮುಟ್ಟುವ ಸಾಧ್ಯತೆ ಬಾಂಗ್ಲಾದೇಶದ ಗಂಡಸಿಗಿಂತ ಕಡಿಮೆ ಇತ್ತು. ಅಮರ್ತ್ಯ ಸೇನ್ ಆಮೇಲೆ ಇದೇ ಎಳೆಯನ್ನು ಹಿಡಿದು, ವಯಸ್ಸು ಏರುತ್ತಾ ಹೋದಂತೆ ಕೇರಳದ ಗಂಡಸರು ಕೂಡ ಅಮೆರಿಕದ ಕಪ್ಪು ಗಂಡಸರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಬದುಕಿ ಉಳಿಯುತ್ತಾರೆ ಎಂದು ತೋರಿಸಿದರು. ಆದಾಯದಲ್ಲಿ ಕೇರಳ ಎಷ್ಟು ಹಿಂದೆ ಇತ್ತು ಎನ್ನುವುದು ನಮಗೆ ಗೊತ್ತೇ ಇದೆ. ದುಡ್ಡು ಮಾತ್ರ ಆಯಸ್ಸು ಕೊಡುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಗೊತ್ತಿಲ್ಲ.

ಕಪ್ಪು ಗಂಡಸರು ಯಾವುದರಿಂದ ಸಾಯುತ್ತಾರೆ? ಎಲ್ಲರಂತೆ ಮೊದಲ ಸ್ಥಾನ ಹೃದಯದ ಕಾಯಿಲೆಗೆ, ಎರಡನೆಯದು ಕ್ಯಾನ್ಸರ್‌ಗೆ. ಆದರೆ ಬಿ.ಪಿ. ಬೇಗ ಶುರುವಾಗುತ್ತದೆ, ಹತೋಟಿಗೆ ಬರುವುದು ಕಡಿಮೆ. ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸಾಯುವ ಪ್ರಮಾಣ ಬಿಳಿ ಗಂಡಸರಿಗಿಂತ ಸುಮಾರು ಎರಡರಷ್ಟು. ಹರೆಯದ ಕಪ್ಪು ಗಂಡಸರಲ್ಲಂತೂ ಸಾವಿಗೆ ಮೊದಲ ಕಾರಣ ಕೊಲೆ. ಶ್ರೀರಂಗಪಟ್ಟಣದಲ್ಲೇ ಬಸ್ಸಿನಿಂದ ಇಳಿಸಲ್ಪಟ್ಟ ಹುಡುಗರು ಇವರು.

ಡಿಗ್ರಿಯ ಅಂತರ

ಓದಿಗೂ ಆಯಸ್ಸಿಗೂ ಸಂಬಂಧ ಇದೆ ಎಂದು ಅಮೆರಿಕದಲ್ಲಿ ಮೊದಲು ದೊಡ್ಡ ಮಟ್ಟದಲ್ಲಿ ತೋರಿಸಿದವರು ಎವೆಲಿನ್ ಕಿಟಗಾವಾ ಮತ್ತು ಫಿಲಿಪ್ ಹೌಸರ್ ಎಂಬ ಸಮಾಜಶಾಸ್ತ್ರಜ್ಞರು. 1960ರಲ್ಲಿ ನಾಲ್ಕು ತಿಂಗಳ ಅವಧಿಯಲ್ಲಿ ಸತ್ತ ಲಕ್ಷಾಂತರ ಜನರ ಮರಣ ಪತ್ರಗಳನ್ನು ಅದೇ ವರ್ಷದ ಜನಗಣತಿ ಹಾಳೆಗಳ ಜೊತೆ ತಾಳೆ ನೋಡಿದರು. ಇವತ್ತಿನ ಕಂಪ್ಯೂಟರ್ ಸೌಕರ್ಯ ಇಲ್ಲದ ಕಾಲ. ಫಲಿತಾಂಶದ ಪುಸ್ತಕ ಬಂದದ್ದು 1973ರಲ್ಲಿ. ಕಡಿಮೆ ಓದಿದವರು ಬೇಗ ಸಾಯುತ್ತಾರೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು.

ಆಗಿನಿಂದ ಅಂತರ ಕಡಿಮೆ ಆಗಬೇಕಿತ್ತು, ಅಲ್ವಾ? ಜಾಸ್ತಿ ಆಯಿತು. ಅರ್ಥಶಾಸ್ತ್ರಜ್ಞರಾದ ಆನ್ ಕೇಸ್ ಮತ್ತು ಆಂಗಸ್ ಡೀಟನ್ ಮಾಡಿದ ಲೆಕ್ಕದ ಪ್ರಕಾರ, 25ನೇ ವಯಸ್ಸಿನಿಂದ ಎಣಿಸಿದರೆ ಡಿಗ್ರಿ ಇದ್ದವರಿಗೂ ಇಲ್ಲದವರಿಗೂ ಇದ್ದ ವ್ಯತ್ಯಾಸ 1992ರಲ್ಲಿ ಸುಮಾರು 2.5 ವರ್ಷ. 2019ರಲ್ಲಿ 6.3. ಕೊರೊನಾದ 2021ರಲ್ಲಿ 8.5. ಇದು ಗಂಡಸರು ಹೆಂಗಸರು ಇಬ್ಬರನ್ನೂ ಸೇರಿಸಿದ ಲೆಕ್ಕ.

ಇದಕ್ಕೆ ಕಾರಣ ಹುಡುಕುತ್ತಾ ಹೋದರೆ ಮುಚ್ಚಿದ ಕಾರ್ಖಾನೆಗಳು ಸಿಗುತ್ತವೆ. ಡಿಗ್ರಿ ಇಲ್ಲದೆಯೂ ಸಂಸಾರ ಸಾಗಿಸುವಷ್ಟು ಸಂಬಳ, ವಿಮೆ, ಪಿಂಚಣಿ ಕೊಡುತ್ತಿದ್ದ ಕೆಲಸಗಳು ಒಂದೊಂದಾಗಿ ಹೋದವು. 1990ರ ದಶಕದ ಕೊನೆಯಿಂದ ಅಫೀಮಿನ ಜಾತಿಯ ನೋವಿನ ಮಾತ್ರೆಗಳು ಊರೂರಿಗೆ ಹರಡಿದವು. ಮಾದಕ ವಸ್ತು, ಕುಡಿತದಿಂದ ಕೆಟ್ಟ ಲಿವರ್, ಆತ್ಮಹತ್ಯೆ, ಈ ಮೂರನ್ನೂ ಸೇರಿಸಿ ಕೇಸ್ ಮತ್ತು ಡೀಟನ್ 'ಹತಾಶೆಯ ಸಾವುಗಳು' ಎಂದು ಕರೆದರು. ಡಿಗ್ರಿ ಇಲ್ಲದ ನಡುವಯಸ್ಸಿನ ಬಿಳಿಯರಲ್ಲಿ ಇವು ಏರಿದ ರೀತಿ ನೋಡಿ ಇಡೀ ಅಮೆರಿಕ ಬೆಚ್ಚಿತು. ಅದೇ ಹೊತ್ತಿನಲ್ಲಿ ಕಪ್ಪು ಜನರ ಸಾವಿನ ಪ್ರಮಾಣ ಇಳಿಯುತ್ತಿತ್ತು. 1996ರ ಸುಮಾರಿಗೆ ಎಚ್‌ಐವಿಗೆ ಒಳ್ಳೆಯ ಔಷಧಿ ಬಂತು, ಕೊಲೆಗಳು ಕಡಿಮೆಯಾದವು, ಹೃದಯದ ಚಿಕಿತ್ಸೆ ಸುಧಾರಿಸಿತು.

ಇದರ ಫಲ ಏನಾಯಿತು ಎಂದು ತಿಳಿಯಲು ಬಸ್ಸಿನ ನಡುವಿನ ದಾರಿಯನ್ನು ಮಾತ್ರ ನೋಡಿ. 25ರಿಂದ 75ರವರೆಗೆ ಒಟ್ಟು 50 ವರ್ಷ. 2018ರ ಲೆಕ್ಕದಲ್ಲಿ ಡಿಗ್ರಿ ಇದ್ದವರು ಅದರಲ್ಲಿ ಸರಾಸರಿ 48.2 ವರ್ಷ ಬದುಕುತ್ತಿದ್ದರು, ಇಲ್ಲದವರು 45.1 ವರ್ಷ. 1990ರಿಂದ 2018ರ ನಡುವೆ ಕಪ್ಪು ಬಿಳುಪಿನ ಅಂತರ ಈ ಅಳತೆಯಲ್ಲಿ ಸುಮಾರು ಶೇ 70ರಷ್ಟು ಕುಗ್ಗಿತು. ಡಿಗ್ರಿಯ ಅಂತರ ಎರಡೂ ಜನಾಂಗಗಳಲ್ಲಿ ದುಪ್ಪಟ್ಟಿಗಿಂತ ಜಾಸ್ತಿ ಆಯಿತು. ಆಯಸ್ಸಿನ ವಿಷಯದಲ್ಲಿ ಡಿಗ್ರಿ ಮುಗಿಸಿದ ಕಪ್ಪು ಮನುಷ್ಯ ತನ್ನದೇ ಜನಾಂಗದ ಡಿಗ್ರಿ ಇಲ್ಲದವನಿಗಿಂತ, ಡಿಗ್ರಿ ಇರುವ ಬಿಳಿಯನಿಗೆ ಹತ್ತಿರವಾಗಿದ್ದ.

ಹಾಗಾದರೆ ಬಣ್ಣದ ಪ್ರಶ್ನೆ ಮುಗಿಯಿತು ಎಂದುಕೊಳ್ಳಬೇಡಿ. ಕುಗ್ಗಿತು ಅಷ್ಟೇ, ಅಳಿಸಿಹೋಗಲಿಲ್ಲ. ಆಮೇಲೆ ಫೆಂಟನಿಲ್ ಎಂಬ ಭಯಂಕರ ಮಾದಕ ವಸ್ತು ಕಪ್ಪು ಗಂಡಸರ ಬೀದಿಗಳಿಗೂ ನುಗ್ಗಿತು. ಹಿಂದೆಯೇ ಕೊರೊನಾ. 2021ರಲ್ಲಿ ಕಪ್ಪು ಗಂಡಸಿನ ನಿರೀಕ್ಷಿತ ಆಯಸ್ಸು 68ಕ್ಕೂ ಕೆಳಗೆ ಬಿತ್ತು.

ಓದು ಆಯಸ್ಸನ್ನು ಹೇಗೆ ಉದ್ದ ಮಾಡುತ್ತದೆ

ಪುಸ್ತಕದಲ್ಲಿ ಔಷಧಿ ಇಲ್ಲ. ಮತ್ತೆ ಹೇಗೆ?

ಸಿಗರೇಟಿನ ಕಥೆ ನೋಡಿದರೆ ಅರ್ಥವಾಗುತ್ತದೆ. 1950ರ ದಶಕದ ಅಮೆರಿಕದಲ್ಲಿ ಡಾಕ್ಟರು, ಲಾಯರು, ಡ್ರೈವರು ಎಲ್ಲರೂ ಸೇದುತ್ತಿದ್ದರು. 1964ರಲ್ಲಿ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ, ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು ವರದಿ ಕೊಟ್ಟರು. ಆಮೇಲೆ ನಿಧಾನವಾಗಿ ದಾರಿ ಕವಲೊಡೆಯಿತು. ಓದಿದವರು ಬೇಗ ಬಿಟ್ಟರು. ಅವರಿಗೆ ಸುದ್ದಿ ಮೊದಲು ಮುಟ್ಟಿತು ಎನ್ನುವುದು ಒಂದು. ಅವರ ಆಫೀಸಿನಲ್ಲಿ ಸೇದುವುದು ನಿಂತಿತು, ಗೆಳೆಯರು ಬಿಟ್ಟರು, ಬಿಡಿಸುವ ಡಾಕ್ಟರು ಸಿಕ್ಕರು ಎನ್ನುವುದು ಅದಕ್ಕಿಂತ ದೊಡ್ಡದು. 2021ರಲ್ಲಿ ಅಲ್ಲಿ ಸ್ನಾತಕೋತ್ತರ ಓದಿದವರಲ್ಲಿ ಸೇದುವವರು 100ಕ್ಕೆ ಐದಕ್ಕಿಂತ ಕಡಿಮೆ. ಹೈಸ್ಕೂಲನ್ನು ನಡುವೆ ಬಿಟ್ಟು ಆಮೇಲೆ ಖಾಸಗಿಯಾಗಿ ಪರೀಕ್ಷೆ ಕಟ್ಟಿದವರಲ್ಲಿ ಸುಮಾರು 30.

ಬ್ರೂಸ್ ಲಿಂಕ್ ಮತ್ತು ಜೋ ಫೆಲನ್ ಎಂಬ ಸಮಾಜಶಾಸ್ತ್ರಜ್ಞರು 1995ರಲ್ಲಿ ಹೇಳಿದ್ದು ಇದನ್ನೇ. ಕಾಯಿಲೆ ಬದಲಾಗುತ್ತಿರುತ್ತದೆ. ನಿನ್ನೆ ಕ್ಷಯ, ಇವತ್ತು ಹೃದಯ, ನಾಳೆ ಇನ್ನೊಂದು. ಆದರೆ ಹೊಸದಾಗಿ ಯಾವ ರಕ್ಷಣೆ ಬಂದರೂ, ತಿಳಿವಳಿಕೆ, ದುಡ್ಡು, ಪರಿಚಯ ಇರುವವರ ಕೈಗೆ ಅದು ಮೊದಲು ಸಿಗುತ್ತದೆ. ಕೊರೊನಾ ಲಸಿಕೆಯ ಶುರುವಿನ ದಿನಗಳನ್ನು ನೆನಪಿಸಿಕೊಳ್ಳಿ. ಆ್ಯಪ್‌ನಲ್ಲಿ ಸ್ಲಾಟ್ ಹಿಡಿಯಲು ಗೊತ್ತಿದ್ದವರಿಗೆ ಬೇಗ ಸಿಕ್ಕಿತು. ಮನೆಗೆಲಸಕ್ಕೆ ಬರುತ್ತಿದ್ದವರು 'ಅಕ್ಕಾ, ನಮಗೂ ಒಂದು ಬುಕ್ ಮಾಡಿಕೊಡಿ' ಎಂದು ಕೇಳಬೇಕಾಯಿತು.

ಅಮೆರಿಕದಲ್ಲಿ ಇನ್ನೊಂದು ವಿಶೇಷ ಇದೆ. 65 ವರ್ಷ ಆಗುವವರೆಗೆ ಬಹುತೇಕರಿಗೆ ಆರೋಗ್ಯ ವಿಮೆ ಬರುವುದು ಕೆಲಸದ ಮೂಲಕ. ಒಳ್ಳೆಯ ಕೆಲಸಕ್ಕೆ ಡಿಗ್ರಿ ಬೇಕು. ಅಂದರೆ ಡಿಗ್ರಿ ಇಲ್ಲದವನು ಸಂಬಳದ ಜೊತೆ ಡಾಕ್ಟರನ್ನೂ ಕಳೆದುಕೊಳ್ಳುತ್ತಾನೆ. ಅವನ ಕೆಲಸವೋ ಭಾರ ಎತ್ತುವುದು, ಲಾರಿ ಓಡಿಸುವುದು, ಸೂರು ಹಾಕುವುದು, ಮಾಂಸ ಕತ್ತರಿಸುವ ಕಾರ್ಖಾನೆ. ಬೆನ್ನು ಹೋಗುತ್ತದೆ, ನೋವಿನ ಮಾತ್ರೆ ಬರುತ್ತದೆ. ಕೊರೊನಾ ಕಾಲದಲ್ಲಿ ಮನೆಯಿಂದ ಕೆಲಸ ಮಾಡಲು ಆಗದವರು ಇವರೇ.

ಓದೇ ನಿಜವಾದ ಕಾರಣವಾ, ಅಥವಾ ಅನುಕೂಲಸ್ಥರ ಮಕ್ಕಳು ಜಾಸ್ತಿಯೂ ಓದುತ್ತಾರೆ, ಜಾಸ್ತಿ ಕಾಲವೂ ಬದುಕುತ್ತಾರೆ ಅಷ್ಟೇನಾ? ಇದು ನ್ಯಾಯವಾದ ಪ್ರಶ್ನೆ. ಅಡ್ರಿಯಾನಾ ಲೆರಾಸ್-ಮ್ಯೂನಿ ಎಂಬ ಅರ್ಥಶಾಸ್ತ್ರಜ್ಞೆ 2005ರಲ್ಲಿ ಒಂದು ಉಪಾಯ ಮಾಡಿದರು. 20ನೇ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ರಾಜ್ಯಗಳು ಒಂದೊಂದು ಸಮಯದಲ್ಲಿ ಕಡ್ಡಾಯ ಶಾಲೆಯ ವಯಸ್ಸು ಏರಿಸಿದ್ದವು. ಕಾನೂನಿನ ಒತ್ತಾಯಕ್ಕೆ ಒಂದು ವರ್ಷ ಜಾಸ್ತಿ ಓದಿದವರ ಸಾವಿನ ಪ್ರಮಾಣ ಕಡಿಮೆ ಇತ್ತು ಎಂದು ಅವರು ಕಂಡರು. ಆದರೆ ಬ್ರಿಟನ್ನಿನಲ್ಲಿ 1947ರಲ್ಲಿ ಶಾಲೆ ಬಿಡುವ ವಯಸ್ಸನ್ನು 14ರಿಂದ 15ಕ್ಕೆ ಏರಿಸಿದ್ದರಿಂದ ಆಯಸ್ಸಿನಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ನನಗೆ ಅನಿಸುವುದು ಇಷ್ಟು: ಓದು ಒಂದು ಬೀಗದಕೈ. ಅದರಿಂದ ತೆರೆಯುವ ಬಾಗಿಲು ಆ ಸಮಾಜದಲ್ಲಿ ಇರಬೇಕು. ಡಿಗ್ರಿಗೆ ಸಂಬಳ, ವಿಮೆ, ಮರ್ಯಾದೆ ಮೂರನ್ನೂ ಕಟ್ಟಿಹಾಕಿದ ಅಮೆರಿಕದಲ್ಲಿ ಆ ಬೀಗದಕೈಗೆ ಬೆಲೆ ಜಾಸ್ತಿ.

ಅದೇ ನೀರು, ಕಾಲುವೆಯ ಕೊನೆಯ ಹೊಲ

ಈಗ ಎರಡೂ ಚೌಕಗಳನ್ನು ಒಟ್ಟಿಗೆ ನೋಡೋಣ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರ ಗೋಳು ಪ್ರತಿ ವರ್ಷ ಪೇಪರಿನಲ್ಲಿ ಬರುತ್ತದೆ. ಅಣೆಕಟ್ಟು ಒಂದೇ, ಬಿಟ್ಟ ನೀರು ಒಂದೇ. ಮೇಲಿನ ಹೊಲಕ್ಕೆ ತುಂಬಿ ಹರಿಯುತ್ತದೆ. ಕೊನೆಯ ಹೊಲ ಮುಟ್ಟುವಷ್ಟರಲ್ಲಿ ತೊಟ್ಟಿಕ್ಕುತ್ತದೆ. ಕೊನೆಯ ಹೊಲದ ರೈತ ಸೋಮಾರಿ ಅಲ್ಲ, ಅವನ ಮಣ್ಣೂ ಕೆಟ್ಟದ್ದಲ್ಲ. ದಾರಿಯುದ್ದಕ್ಕೂ ನೀರು ಸೋರಿಹೋಗಿರುತ್ತದೆ. ಅಮೆರಿಕದ ಕಪ್ಪು ಗಂಡಸಿಗೆ ಓದಿನ ಫಲ ಸಿಗುವುದು ಹೀಗೆ. ಫಲ ಇದೆ, ಖಂಡಿತ ಇದೆ. ಆದರೆ ಅಷ್ಟೇ ಓದಿದ ಬಿಳಿಯನಿಗೆ ಸಿಕ್ಕಷ್ಟು ಅಲ್ಲ. ಶರ್ವಿನ್ ಅಸ್ಸಾರಿ ಎಂಬ ಸಂಶೋಧಕರು ಇದನ್ನು 'ಕುಗ್ಗಿದ ಪ್ರತಿಫಲ' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ನೀರು ಎಲ್ಲೆಲ್ಲಿ ಸೋರುತ್ತದೆ? ಮೊದಲನೆಯದು ಆಸ್ತಿ. 1930ರ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆ ನಗರಗಳ ನಕ್ಷೆ ತಯಾರಿಸಿ, ಕಪ್ಪು ಜನ ಇದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಇಲ್ಲಿ ಸಾಲ ಕೊಡುವುದು ಅಪಾಯ ಎಂದು ಅದರ ಅರ್ಥ. ಮನೆ ಕೊಳ್ಳಲು ಸಾಲ ಸಿಗದವನ ಮಗನಿಗೆ ಬರಬೇಕಾದ ಆಸ್ತಿಯೂ ಇಲ್ಲ. ಕುಟುಂಬಗಳನ್ನು ಆಸ್ತಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ, 2022ರ ಸಮೀಕ್ಷೆಯಲ್ಲಿ ನಟ್ಟನಡುವೆ ಬರುವ ಬಿಳಿ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಆರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಒಂದೇ ಕಾಲೇಜಿನಿಂದ ಹೊರಬಿದ್ದ ಇಬ್ಬರಲ್ಲಿ ಒಬ್ಬನಿಗೆ ಅಪ್ಪನ ಮನೆ ಇರುತ್ತದೆ, ಇನ್ನೊಬ್ಬನಿಗೆ ಓದಿನ ಸಾಲ ಮಾತ್ರ.

ಎರಡನೆಯದು ಆಸ್ಪತ್ರೆಯೊಳಗೇ ಸೋರುವುದು. ಬೆರಳಿಗೆ ಕ್ಲಿಪ್ಪಿನ ಹಾಗೆ ಸಿಕ್ಕಿಸುವ ಆಕ್ಸಿಮೀಟರ್ ನೆನಪಿದೆಯಾ? ಕೊರೊನಾ ಕಾಲದಲ್ಲಿ ನಮ್ಮ ಮನೆಗಳಲ್ಲೂ ಟಿ.ವಿ. ರಿಮೋಟಿನ ಪಕ್ಕದಲ್ಲಿ ಇರುತ್ತಿತ್ತು. 94ಕ್ಕಿಂತ ಕೆಳಗೆ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಅದು ಬೆಳಕನ್ನು ಚರ್ಮದ ಮೂಲಕ ಹಾಯಿಸಿ ರಕ್ತದ ಆಕ್ಸಿಜನ್ ಅಳೆಯುತ್ತದೆ. ಗಾಢ ಬಣ್ಣದ ಚರ್ಮದಲ್ಲಿ ಇರುವುದಕ್ಕಿಂತ ಜಾಸ್ತಿ ತೋರಿಸುವ ಸಾಧ್ಯತೆ ಇದೆ. 2020ರಲ್ಲಿ ಮಿಷಿಗನ್‌ನ ವೈದ್ಯರು ಆಕ್ಸಿಮೀಟರ್ ತೋರಿಸಿದ ಅಂಕಿಯನ್ನೂ ರಕ್ತ ತೆಗೆದು ಮಾಡಿದ ಪರೀಕ್ಷೆಯನ್ನೂ ಹೋಲಿಸಿದರು. ಕ್ಲಿಪ್ಪು ಪರವಾಗಿಲ್ಲ ಎಂದು ತೋರಿಸುತ್ತಿದ್ದಾಗಲೂ ರಕ್ತದಲ್ಲಿ ಆಕ್ಸಿಜನ್ ಅಪಾಯದ ಮಟ್ಟಕ್ಕೆ ಇಳಿದಿದ್ದು, ಕಪ್ಪು ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಸಲ ಕಂಡುಬಂತು. ಪಿಎಚ್.ಡಿ. ಮಾಡಿದವನ ಬೆರಳೂ ಕೂಲಿ ಮಾಡುವವನ ಬೆರಳೂ ಆ ಯಂತ್ರಕ್ಕೆ ಒಂದೇ.

ಮೂರನೆಯದು ದೇಹದೊಳಗೆ. ಇದನ್ನು ಹೇಳಲು ಒಬ್ಬ ರೈತನ ಕಥೆ ಬೇಕು. ಶರ್ಮನ್ ಜೇಮ್ಸ್ ಎಂಬ ಸಂಶೋಧಕರು ನಾರ್ತ್ ಕೆರೊಲಿನಾದ ಹಳ್ಳಿಯಲ್ಲಿ ಜಾನ್ ಹೆನ್ರಿ ಮಾರ್ಟಿನ್ ಎಂಬ ನಿವೃತ್ತ ಕಪ್ಪು ರೈತನನ್ನು ಮಾತಾಡಿಸಿದರು. ಓದಿದ್ದು ಎರಡನೇ ಕ್ಲಾಸು. ಕಡು ಬಡತನದಲ್ಲಿ, ಇನ್ನೊಬ್ಬರ ನೆಲದಲ್ಲಿ ಪಾಲಿಗೆ ದುಡಿಯುವ ಮನೆಯಲ್ಲಿ ಹುಟ್ಟಿದವನು. ಹಗಲು ರಾತ್ರಿ ದುಡಿದು 75 ಎಕರೆ ಸ್ವಂತ ಮಾಡಿಕೊಂಡ, ಸಾಲ ಬೇಗ ತೀರಿಸಿದ. ಐವತ್ತು ದಾಟಿ ಅರವತ್ತಾಗುವ ಮೊದಲೇ ಬಿ.ಪಿ., ಸಂಧಿವಾತ, ಹೊಟ್ಟೆಯ ಹುಣ್ಣು ಮೂರೂ ಬಂದಿದ್ದವು. ಆ ಹೆಸರು ಜೇಮ್ಸ್ ಅವರಿಗೆ ಒಂದು ಜನಪದ ಕಥೆ ನೆನಪಿಸಿತು. ಅದರಲ್ಲಿ ಜಾನ್ ಹೆನ್ರಿ ಎಂಬ ಕಪ್ಪು ಕೂಲಿ ಬಂಡೆ ಕೊರೆಯುವ ಉಗಿ ಯಂತ್ರದ ಜೊತೆ ಸುತ್ತಿಗೆ ಹಿಡಿದು ಪಂದ್ಯ ಕಟ್ಟುತ್ತಾನೆ, ಗೆಲ್ಲುತ್ತಾನೆ, ಕೈಯಲ್ಲಿ ಸುತ್ತಿಗೆ ಇರುವಂತೆಯೇ ಸಾಯುತ್ತಾನೆ. ಆಮೇಲೆ ಜೇಮ್ಸ್ ಅದೇ ಸೀಮೆಯ ಕಪ್ಪು ಗಂಡಸರನ್ನು ಪರೀಕ್ಷಿಸಿ 1983ರಲ್ಲಿ ಬರೆದರು. ಎಷ್ಟೇ ಕಷ್ಟ ಬಂದರೂ ಮೈಮುರಿದು ಎದುರಿಸುತ್ತೇನೆ ಎನ್ನುವ ಛಲ ಜಾಸ್ತಿ ಇದ್ದು, ಓದು ಕಡಿಮೆ ಇದ್ದವರಲ್ಲಿ ಬಿ.ಪಿ. ಎಲ್ಲರಿಗಿಂತ ಮೇಲೆ ಇತ್ತು. ಛಲ ಒಳ್ಳೆಯದೇ. ಅದಕ್ಕೆ ಆಸರೆಯಾಗಿ ಓದು, ದುಡ್ಡು, ಜನ ಇಲ್ಲದಿದ್ದರೆ ರಕ್ತನಾಳ ಅದರ ಬೆಲೆ ತೆರುತ್ತದೆ.

ಲೆಕ್ಕಕ್ಕೆ ಸಿಗದವರು

ಈ ಅಂಕಿಗಳನ್ನು ಎಷ್ಟು ನಂಬಬಹುದು? ಅಮೆರಿಕದ ಮರಣ ಪತ್ರದಲ್ಲಿ ಓದಿನ ಕಾಲಂ ಬಂದದ್ದು 1989ರಲ್ಲಿ. ಅದನ್ನು ತುಂಬುವವರು ಅಂತ್ಯಕ್ರಿಯೆ ನಡೆಸಿಕೊಡುವವರು, ಮನೆಯವರನ್ನು ಕೇಳಿ. ಅಳುತ್ತಾ ಕೂತ ಹೆಂಡತಿಗೆ 'ಅವರು ಎಷ್ಟು ಓದಿದ್ದರು' ಎಂದು ಕೇಳಿದರೆ, ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟವನೂ 'ಹೈಸ್ಕೂಲು ಆಗಿತ್ತು' ಎಂದಾಗುವುದು ಸಹಜ. ಹಾಗಾಗಿ ಹುಷಾರಾದ ಸಂಶೋಧಕರು ಜನ ಬದುಕಿದ್ದಾಗ ತಾವೇ ಕೊಟ್ಟ ಉತ್ತರವನ್ನು ಆಮೇಲಿನ ಮರಣ ಪತ್ರದ ಜೊತೆ ಸೇರಿಸಿ ನೋಡುತ್ತಾರೆ.

ಇನ್ನೊಂದು ತೂತು ದೊಡ್ಡದು. ಮನೆ ಮನೆ ಸಮೀಕ್ಷೆ ಜೈಲಿನ ಬಾಗಿಲು ತಟ್ಟುವುದಿಲ್ಲ. 2008ರಲ್ಲಿ ಹೈಸ್ಕೂಲು ಮುಗಿಸದ, 20ರಿಂದ 34 ವಯಸ್ಸಿನ ಕಪ್ಪು ಗಂಡಸರಲ್ಲಿ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜೈಲಿನಲ್ಲಿದ್ದರು. ಅತಿ ಕಷ್ಟದಲ್ಲಿ ಇರುವವರೇ ಪಟ್ಟಿಯಿಂದ ಹೊರಗೆ ಉಳಿದರೆ ಅಂತರ ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಅದೇ ರೀತಿ, ಹೈಸ್ಕೂಲು ಮುಗಿಸದವರ ಗುಂಪು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ. 1960ರಲ್ಲಿ ಅದರಲ್ಲಿ ಎಲ್ಲ ತರಹದ ಜನ ಇದ್ದರು. ಈಗ ಉಳಿದವರು ತುಂಬ ಹಿಂದುಳಿದವರು. ಇದರಿಂದ ಅಂತರ ಇರುವುದಕ್ಕಿಂತ ದೊಡ್ಡದಾಗಿಯೂ ಕಾಣಬಹುದು.

ನಮ್ಮ ಹುಡುಗ ಗುರುತು ಹಾಕಿದ ಚೌಕ

ಅಕ್ಕನ ಮಗ 'ಏಷ್ಯನ್' ಎಂಬಲ್ಲಿ ಗುರುತು ಹಾಕಿದ್ದ. ಅಂಕಿಗಳಲ್ಲಿ ಆ ಚೌಕದ ಗಂಡಸರ ಆಯಸ್ಸು ಬಿಳಿಯರಿಗಿಂತಲೂ ಜಾಸ್ತಿ. ಅದನ್ನು ನೋಡಿ ನಮ್ಮ ಊಟ, ನಮ್ಮ ಸಂಸ್ಕಾರ ಎಂದು ಹೆಮ್ಮೆಪಡುವ ಮೊದಲು ಬಾಗಿಲಲ್ಲಿ ಯಾರನ್ನು ಒಳಗೆ ಬಿಟ್ಟರು ಎಂದು ನೋಡಬೇಕು. ಎಚ್-1ಬಿ ವೀಸಾಕ್ಕೆ ಡಿಗ್ರಿ ಅಥವಾ ಅದಕ್ಕೆ ಸಮನಾದ ಅನುಭವ ಬೇಕೇಬೇಕು. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಿಂದ ಹೋದವರು ಮೊದಲೇ ಸೋಸಿ ತೆಗೆದ ಕಾಳು. ಅಲ್ಲಿ ಡಿಗ್ರಿ ಇಲ್ಲದ ಕನ್ನಡಿಗರು ಎಷ್ಟು ಜನ ಸಿಗುತ್ತಾರೆ? ನಮ್ಮ ಇಡೀ ಊರಿನ ಆಯಸ್ಸನ್ನು ಅಲ್ಲಿಗೆ ಹೋದವರ ಆಯಸ್ಸಿನಿಂದ ಅಳೆಯಲು ಆಗುವುದಿಲ್ಲ. ಅಷ್ಟು ಓದಿದ್ದರೂ ದಕ್ಷಿಣ ಏಷ್ಯಾದವರಿಗೆ ಹೃದಯಾಘಾತದ ಅಪಾಯ ಜಾಸ್ತಿ ಎನ್ನುವುದು ಬೇರೆ ಮಾತು. ಅದನ್ನೂ ಅವನಿಗೆ ಹೇಳಿದ್ದೇನೆ.

ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ

'ಓದಿಸಿಬಿಟ್ಟರೆ ಆಯಿತಲ್ಲ' ಎಂದು ಸುಮ್ನೆ ಹೇಳಬಹುದು. ಆದರೆ ಈಗ ಐವತ್ತಾಗಿರುವ, ಬಿ.ಪಿ. ಇರುವ ಗಂಡಸು ಮತ್ತೆ ಕಾಲೇಜಿಗೆ ಹೋಗುವುದಿಲ್ಲ. ಆಸ್ಪತ್ರೆಗೂ ಹೋಗುವುದಿಲ್ಲ. ಹೋಗದಿರಲು ಅವನಿಗೆ ಕಾರಣವೂ ಇದೆ. 1932ರಿಂದ 1972ರವರೆಗೆ ಅಲಬಾಮಾದ ಟಸ್ಕೀಗಿಯಲ್ಲಿ ಸರ್ಕಾರದ ಆರೋಗ್ಯ ಇಲಾಖೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ 399 ಕಪ್ಪು ಗಂಡಸರನ್ನು, ನಿಮಗೆ 'ಕೆಟ್ಟ ರಕ್ತ' ಇದೆ ಎಂದು ಹೇಳಿ, ನಿಜವಾದ ಚಿಕಿತ್ಸೆ ಕೊಡದೆ ಸುಮ್ಮನೆ ಗಮನಿಸುತ್ತಾ ಕೂತಿತ್ತು. ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅವರಲ್ಲಿ ಬಹಳ ಜನ ಶಾಲೆಯ ಮುಖ ಅಷ್ಟಾಗಿ ನೋಡದ ಬಡ ರೈತರು. 1972ರಲ್ಲಿ ಸುದ್ದಿ ಹೊರಬಿತ್ತು. ಆಮೇಲೆ ಕಪ್ಪು ಗಂಡಸರು ಡಾಕ್ಟರ ಹತ್ತಿರ ಹೋಗುವುದೇ ಕಡಿಮೆಯಾಯಿತು, 45 ದಾಟಿದವರ ಆಯಸ್ಸು ಒಂದೂವರೆ ವರ್ಷದವರೆಗೂ ಕುಗ್ಗಿತು ಎಂದು ಮಾರ್ಸೆಲಾ ಅಲ್ಸಾನ್ ಮತ್ತು ಮೇರಿಯಾನ್ ವಾನಮೇಕರ್ ಎಂಬ ಅರ್ಥಶಾಸ್ತ್ರಜ್ಞೆಯರು ಲೆಕ್ಕ ಹಾಕಿದ್ದಾರೆ.

ಇದೇ ಅಲ್ಸಾನ್ ಜೊತೆಗಾರರೊಂದಿಗೆ ಆಮೇಲೆ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಒಂದು ಪ್ರಯೋಗ ಮಾಡಿದರು. ಕಟಿಂಗ್ ಅಂಗಡಿ, ಸಂತೆಗಳಿಂದ ಕಪ್ಪು ಗಂಡಸರನ್ನು ಕರೆತಂದು ಉಚಿತ ತಪಾಸಣೆ ಇಟ್ಟರು. ಡಾಕ್ಟರ ಫೋಟೋ ಮಾತ್ರ ನೋಡಿದಾಗ, ಯಾವ ಬಣ್ಣದ ಡಾಕ್ಟರಾದರೂ ಉತ್ತರದಲ್ಲಿ ವ್ಯತ್ಯಾಸ ಇರಲಿಲ್ಲ. ಎದುರು ಕೂತು ಮಾತಾಡಿದ ಮೇಲೆ, ಕಪ್ಪು ಡಾಕ್ಟರು ಸಿಕ್ಕವರು ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಗೆ ಜಾಸ್ತಿ ಒಪ್ಪಿದರು.

ಲಾಸ್ ಏಂಜಲೀಸ್‌ನ ವೈದ್ಯ ರೊನಾಲ್ಡ್ ವಿಕ್ಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗಂಡಸು ಆಸ್ಪತ್ರೆಗೆ ಬರುವುದಿಲ್ಲ, ಆದರೆ ಹದಿನೈದು ದಿನಕ್ಕೊಮ್ಮೆ ಕಟಿಂಗ್‌ಗೆ ಬರುತ್ತಾನೆ. ವರ್ಷಾನುಗಟ್ಟಲೆ ಒಂದೇ ಅಂಗಡಿ, ಒಂದೇ ಕುರ್ಚಿ. ಕುತ್ತಿಗೆಗೆ ಬಟ್ಟೆ ಸುತ್ತಿ ಕತ್ತರಿ ಹಿಡಿದವನ ಮುಂದೆ ಹೆಂಡತಿಗೂ ಹೇಳದ್ದನ್ನು ಹೇಳುತ್ತಾನೆ. 52 ಅಂಗಡಿ, ಬಿ.ಪಿ. ಏರಿದ್ದ 319 ಕಪ್ಪು ಗಂಡಸರು. ಸುಮಾರು ಅರ್ಧ ಅಂಗಡಿಗಳಲ್ಲಿ ಕ್ಷೌರಿಕ ಬುದ್ಧಿ ಹೇಳಿ, ಡಾಕ್ಟರ ಹತ್ತಿರ ಹೋಗು ಎಂದ. ಉಳಿದ ಅಂಗಡಿಗಳಿಗೆ ಔಷಧ ತಜ್ಞರೇ ಬಂದರು. ಕುರ್ಚಿಯ ಪಕ್ಕದಲ್ಲಿ ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದರು, ರೋಗಿಯ ಡಾಕ್ಟರ ಜೊತೆ ಮಾಡಿಕೊಂಡ ಒಪ್ಪಂದದಂತೆ ಅಲ್ಲೇ ಮಾತ್ರೆ ಬರೆದರು. ಶುರುವಿನಲ್ಲಿ ಎರಡೂ ಕಡೆ ಮೇಲಿನ ಬಿ.ಪಿ. 150 ದಾಟಿತ್ತು. ಆರು ತಿಂಗಳಿಗೆ ಬುದ್ಧಿಮಾತಿನ ಅಂಗಡಿಗಳಲ್ಲಿ ಅದು 9.3 ಇಳಿಯಿತು. ಔಷಧ ತಜ್ಞರು ಬಂದ ಅಂಗಡಿಗಳಲ್ಲಿ 27 ಇಳಿಯಿತು. ಬಿ.ಪಿ. 130/80ಕ್ಕಿಂತ ಕೆಳಗೆ ಬಂದವರು ಮೊದಲ ಗುಂಪಿನಲ್ಲಿ ಶೇ 11.7, ಎರಡನೆಯದರಲ್ಲಿ ಶೇ 63.6.

ಆ ಕುರ್ಚಿಯಲ್ಲಿ ಕೂತವರಲ್ಲಿ ಯಾರೂ ಆ ಆರು ತಿಂಗಳಲ್ಲಿ ಹೊಸ ಡಿಗ್ರಿ ಪಡೆದಿರಲಿಲ್ಲ.